ಕಡಲ ಹೂವಿಗೆ ಹೇಮಾವತಿ ನೀರು

ನಾನು ಹಠಮಾರಿ. ಊರವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದು ಕಣ್ಣಿಗೆ ಬಿದ್ದರೂ ಅದು ಬಾಲ ಅನ್ನುವವಳು. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಬೇಕಾದರೆ ವಿಚಾರಿಸಿ, ಬಟ್ಟೆ ಅಂಗಡಿ ಗೌರೀಶಂಕರನ ಹೆಂಡತಿ ದಾಕ್ಷಾಯಣಿ ಎಂಥವಳು ಅಂತ. ಗಂಡನ ಹೆಸರು ಹೇಳಬಾರದಂತೆ. ಹೇಳಿದೆ, ಏನೂ ಆಗಲಿಲ್ಲ.

ನಮ್ಮ ಅತ್ತೆ ಬಸವಲಿಂಗಮ್ಮನವರು ನನಗೆ ಸರಿಯಾದ ಜೋಡಿ. ಹದಿನಾಲ್ಕು ವರ್ಷದವಳಾಗಿ ನಾನು ಈ ಮನೆಗೆ ಬಂದಾಗ ಅವರು ಅಡಿಗೆಗಿಂತ ಮೊದಲು ಕಲಿಸಿದ್ದು ಪೂಜೆಗೆ ಕೂರುವುದನ್ನು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಬೆಳಿಗ್ಗೆ ಮೈ ತೊಳೆದು, ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಒಂದು ಬಿಲ್ವಪತ್ರೆ ಏರಿಸಿ, ರೆಪ್ಪೆ ಬಡಿಯದೆ ನೋಡುತ್ತಾ ಕೂರಬೇಕು. ಅಲ್ಲಿಯವರೆಗೆ ಬಾಯಿಗೆ ತೊಟ್ಟು ನೀರೂ ಇಲ್ಲ. "ಕಣ್ಣು ಮಿಟುಕಿಸ್ಬ್ಯಾಡ ಕಣೆ ದಾಕ್ಷಿ. ನೀನು ಅಲ್ಲಾಡಿದ್ರೆ ಅದೇನು ಕಂಡಾತು?" ಅನ್ನುತ್ತಿದ್ದರು. ಮೊದಲ ತಿಂಗಳು ಕಣ್ಣಲ್ಲಿ ಬಳಬಳ ನೀರು ಸುರಿಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಹನ್ನೆರಡು ವರ್ಷ ನಾವಿಬ್ಬರೂ ಒಂದೇ ಕಂಬಳಿಯ ಮೇಲೆ ಮಗ್ಗುಲಿಗೆ ಮಗ್ಗುಲು ಕೂತು ಪೂಜೆ ಮಾಡಿದೆವು. ಜಗಳ ಇರಲಿಲ್ಲವೇ ಅಂದರೆ, ಇತ್ತು; ಪೂಜೆ ಮುಗಿದ ಮೇಲೆ ಶುರುವಾಗುತ್ತಿತ್ತು. ಆದರೆ ತಾಯಿ ಇಲ್ಲದೆ ಬೆಳೆದ ನನಗೆ ತವರು ಅಂತ ಇದ್ದದ್ದು ಆ ಕಂಬಳಿಯ ಅರ್ಧ ಭಾಗವೇ.

ತಾಳಗುಪ್ಪಕ್ಕೆ ರೈಲು ಬಂದ ಮಾರನೆಯ ವರ್ಷ ಅತ್ತೆಯ ಮಂಡಿ ಕೈಕೊಟ್ಟಿತು. ಅರಕಲಗೂಡಿನ ಪಂಡಿತರು ಪಂಚಾಕ್ಷರಯ್ಯನವರು ನೋಡಿ, "ಎಣ್ಣೆ ಗಿಣ್ಣೆ ಎಲ್ಲಾ ಆಯ್ತಲ್ಲ, ಇನ್ನು ಕಡಲ ನೀರೇ ಗತಿ. ಮೂರು ವರ್ಷ, ವರ್ಷಕ್ಕೆ ಇಪ್ಪತ್ತೊಂದು ದಿನ, ದಿನಾ ಬೆಳಿಗ್ಗೆ ಎರಡು ಗಳಿಗೆ ಮಂಡಿ ಮುಳುಗೋ ಅಂಗೆ ಕೂತ್ಕೋಬೇಕು" ಅಂದರು. ಶಿವನ ಊರೂ ಆಯಿತು, ಔಷಧವೂ ಆಯಿತು ಅಂತ ಗೋಕರ್ಣಕ್ಕೆ ಹೊರಟೆವು, ನಾನು ಮತ್ತು ಅತ್ತೆ. ಅಂಗಡಿ ಬಿಟ್ಟು ಬರಲಾರದ ನಮ್ಮ ಯಜಮಾನರು ಅರಸೀಕೆರೆಯವರೆಗೆ ಬಂದು ರೈಲು ಹತ್ತಿಸಿ ಹೋದರು. ತಾಳಗುಪ್ಪದಿಂದ ಬಸ್ಸು, ಘಟ್ಟ ಇಳಿದ ಮೇಲೆ ತದಡಿಯಲ್ಲಿ ದೋಣಿ, ಆಮೇಲೆ ಎತ್ತಿನ ಗಾಡಿ. ಕಡಲು ಕಂಡಾಗ ಅತ್ತೆ ಕೈ ಮುಗಿದರು. ನನಗೆ ಮಾತ್ರ ಅಷ್ಟೊಂದು ನೀರಿದ್ದೂ ಒಂದು ರಾಗಿ ಪೈರಿಗೂ ಬಾರದಲ್ಲ ಅಂತ ಸಿಟ್ಟು ಬಂತು.

ಮೊದಲ ನಾಲ್ಕು ದಿನ ಅತ್ತೆಯನ್ನು ತೆರೆಯ ಅಂಚಿನಲ್ಲಿ ಕೂರಿಸಿ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ಐದನೆಯ ದಿನ ನಿಂತು ನಿಂತು ಬೇಸತ್ತು ತೀರದ ತುದಿಗೆ ನಡೆದೆ. ಅಲ್ಲಿ ಮರಳು ಮುಗಿದು, ಗುಡ್ಡ ಕಡಲೊಳಕ್ಕೆ ಕಾಲು ಚಾಚಿತ್ತು. ಎಲ್ಲಿ ನೋಡಿದರೂ ಕಪ್ಪು ಬಂಡೆ. ಮನೆ ಇಲ್ಲ, ಮರ ಇಲ್ಲ, ಮೇಲೆ ಗಾಳಿ, ಕೆಳಗೆ ತೆರೆಯ ಅಬ್ಬರ. ಇಳಿತದ ಹೊತ್ತು, ನೀರು ಹಿಂದೆ ಸರಿದಿತ್ತು. ಬಂಡೆಯ ಹಳ್ಳಗಳಲ್ಲಿ ಮಾತ್ರ ಅಷ್ಟಿಷ್ಟು ನಿಂತಿತ್ತು. ಒಬ್ಬ ಹೆಂಗಸು ಬುಟ್ಟಿ ಹಿಡಿದು ಬಂಡೆಗೆ ಕಚ್ಚಿದ ಚಿಪ್ಪಿಕಲ್ಲು ಕೀಳುತ್ತಿದ್ದಳು. "ಅಮ್ಮಾ, ಜಾರ್ತದೆ, ಸೋಸಿ, ನೋಡಿ ಕಾಲಿಡಿ" ಅಂದಳು. ಅಷ್ಟರಲ್ಲಿ ಜಾರಿ ಕೂತಿದ್ದೆ. ಕೂತಲ್ಲೇ ಒಂದು ಹಳ್ಳ, ನಮ್ಮನೆ ಒರಳುಕಲ್ಲಿನಷ್ಟು ಅಗಲ.

ಅದರಲ್ಲಿ ಏನೂ ಇರಲಿಲ್ಲ. ಒಂದಿಷ್ಟು ಕಲ್ಲು, ಕಲ್ಲಿಗೆ ಅಂಟಿದ ಹುಣಸೆಹಣ್ಣಿನ ಉಂಡೆಯಂಥ ಕಂದು ಗಂಟುಗಳು, ಸುಣ್ಣ ಚೆಲ್ಲಿದ ಹಾಗೆ ಬಿಳಿ ಹನಿಗಳು. ಕಾಲು ನೋಯುತ್ತಿತ್ತು, ಏಳಲು ಮನಸ್ಸಾಗಲಿಲ್ಲ. ಕೂತವಳು ನೋಡುತ್ತಾ ಕೂತೆ. ನೋಡುವುದೊಂದು ನನಗೆ ಚೆನ್ನಾಗಿ ಬರುತ್ತದಲ್ಲ. ಸ್ವಲ್ಪ ಹೊತ್ತಿಗೆ ಒಂದು ಉಂಡೆಯ ನೆತ್ತಿ ಬಿರಿಯಿತು. ಒಳಗಿನಿಂದ ಶ್ಯಾವಿಗೆಯಂಥ ಎಳೆ, ಇನ್ನೊಂದು ಎಳೆ, ನೂರು ಎಳೆ. ತುದಿಯಲ್ಲಿ ನಸುಗೆಂಪು, ಬುಡದಲ್ಲಿ ಹಸಿರು. ಉಂಡೆ ಹೋಗಿ ಹೂವಾಯಿತು. ಸುಣ್ಣದ ಹನಿಗಳಿಗೆ ಒಂದೊಂದು ಕದ ಇತ್ತು. ಕದ ತೆರೆದು ಕೂದಲಿಗಿಂತ ತೆಳುವಾದ ಕೈಯೊಂದು ಹೊರಬಂದು, ನೀರನ್ನು ಬಾಚಿಕೊಂಡು ಒಳಗೆ ಹೋಗುತ್ತಿತ್ತು. ಒಂದು ಶಂಖದ ಮರಿ ನಡೆಯತೊಡಗಿತು. ಅದರೊಳಗೆ ಬಾಡಿಗೆಗೆ ಇದ್ದದ್ದು ಒಂದು ಪುಟಾಣಿ ಏಡಿ. ಕಲ್ಲಿನ ಮಗ್ಗುಲಲ್ಲಿ ಚುಕ್ಕಿಚುಕ್ಕಿ ಮಖಮಲ್ಲಿನ ಮುದ್ದೆಯೊಂದು ತೆವಳುತ್ತಿತ್ತು. ನನ್ನ ನೆರಳು ಬಿದ್ದೊಡನೆ ಅದು ಮಖಮಲ್ಲನ್ನು ಎರಡೂ ಕಡೆಯಿಂದ ಒಳಗೆಳೆದುಕೊಂಡಿತು. ಉಳಿದದ್ದು ಹೊಳೆಯುವ ಒಂದು ಕವಡೆ.

ಕವಡೆ! ಚೌಕಾಬಾರದ ಮನೆಯಲ್ಲಿ ಎಷ್ಟು ಸಾವಿರ ಸಲ ಕುಲುಕಿ ಎಸೆದಿದ್ದೇನೋ ಶಿವನೇ ಬಲ್ಲ. ಅದು ಒಂದು ಜೀವದ ಬೆನ್ನು ಅಂತ ಇಪ್ಪತ್ತಾರು ವರ್ಷ ನನಗೆ ಹೊಳೆದಿರಲಿಲ್ಲ. ನನ್ನ ದಡ್ಡತನಕ್ಕೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಒಬ್ಬಳೇ ಗಟ್ಟಿಯಾಗಿ ನಕ್ಕೆ.

ಆಮೇಲೆ ದಿನವೂ ಹೋದೆ. ಅತ್ತೆ ಬಂಡೆಯ ಕಡೆ ತಲೆ ಹಾಕಲಿಲ್ಲ. "ಮೀನು ಏಡಿ ಇರೋ ಜಾಗ. ನಮಗ್ಯಾಕೆ? ಮುಟ್ಟಿಗಿಟ್ಟೀಯ" ಅನ್ನುತ್ತಿದ್ದರು. ನಾನು ವರ್ಣಿಸಿದಷ್ಟೂ ಅವರ ಮುಖ ಕಿವುಚಿಕೊಳ್ಳುತ್ತಿತ್ತು. ಆಗ ನನಗೊಂದು ಯೋಚನೆ ಬಂತು. ಇವರು ಬರದಿದ್ದರೆ ಬೇಡ, ನಾನೇ ಮನೆಗೆ ಒಯ್ಯುತ್ತೇನೆ. ಅತ್ತೆಯೊಬ್ಬರಿಗೇ ಏನು, ಇಡೀ ಪೇಟೆ ಬೀದಿಗೆ ತೋರಿಸುತ್ತೇನೆ. ಹೊರಡುವ ದಿನ ಒಂದು ಹೊಸ ಮಡಕೆ ಕೊಂಡು ಕಡಲ ನೀರು ತುಂಬಿ, ಒಂದೊಂದು ಹೂ ಅಂಟಿದ ಐದು ಸಣ್ಣ ಕಲ್ಲು, ಶಂಖದೊಳಗಿನ ನಾಲ್ಕು ಏಡಿಮರಿ, ಎರಡು ಕವಡೆ ಇಟ್ಟೆ. ಒಟ್ಟು ಹನ್ನೊಂದು. ಬಾಯಿಗೆ ಬಟ್ಟೆ ಕಟ್ಟಿದೆ. ಅತ್ತೆ ಕೇಳಿದ್ದಕ್ಕೆ, "ತೀರ್ಥ, ನಮ್ಮ ಬೀದಿಯವರಿಗೆ" ಅಂದೆ. ಸುಳ್ಳು ಹೇಳಿದ್ದು ತಪ್ಪು. ಆದರೆ ಆ ಸುಳ್ಳು ನನಗೆ ಈಗಲೂ ಅಷ್ಟಾಗಿ ನೋಯುವುದಿಲ್ಲ. ನೋಯುವುದು ಮುಂದಿನದು.

ಬಸ್ಸಿನ ಕುಲುಕಾಟಕ್ಕೆ ಅರ್ಧ ನೀರು ಚೆಲ್ಲಿತ್ತು. ಆದರೂ ಊರು ಸೇರಿದಾಗ ಹನ್ನೊಂದೂ ಬದುಕಿದ್ದವು. ಹಿತ್ತಿಲಲ್ಲಿ ಬಟ್ಟೆ ಬಿಚ್ಚಿ ನೋಡಿದೆ, ಒಂದು ಹೂ ಸ್ವಲ್ಪ ಬಿರಿದಿತ್ತು. ನೀರು ಮಾತ್ರ ಕದಡಿ ಹೋಗಿತ್ತು. ನನಗೆ ಅವುಗಳ ಮೇಲೆ ಎಲ್ಲಿಲ್ಲದ ಕರುಣೆ ಬಂತು. ಪಾಪ, ಹುಟ್ಟಿದಾಗಿನಿಂದ ಉಪ್ಪುನೀರು ಕುಡಿದು ಬಾಯಿ ಕೆಟ್ಟಿರಬೇಕು, ನಮ್ಮ ಊರಿಗೆ ಬಂದ ಮೇಲಾದರೂ ಸುಖಪಡಲಿ ಅಂದುಕೊಂಡೆ. ಹೊಳೆಗೆ ಹೋಗಿ ಕೊಡದ ತುಂಬ ಹೇಮಾವತಿಯ ನೀರು ತಂದೆ. ಉಪ್ಪುನೀರನ್ನು ಚೆಲ್ಲಿ, ಮಡಕೆಯ ಕಂಠದವರೆಗೆ ಸಿಹಿನೀರು ಹುಯ್ದೆ. ಮಗುವಿಗೆ ಎರೆಯುವ ಹಾಗೆ ನಿಧಾನವಾಗಿ ಹುಯ್ದೆ. ಹೊಳೆ ದಂಡೆಯಲ್ಲಿ ಹುಟ್ಟಿ ಬೆಳೆದವಳಿಗೆ ನೀರು ಅಂದರೆ ಸಿಹಿ. ಅದು ಯಾರ ಪ್ರಾಣವನ್ನಾದರೂ ತೆಗೆಯಬಹುದು ಅಂತ ಹೇಗೆ ತಿಳಿಯಬೇಕು?

ಹೂಗಳು ಮುಚ್ಚಿಕೊಂಡವು. ಪ್ರಯಾಣದ ದಣಿವು, ನಾಳೆ ಅರಳುತ್ತವೆ ಅಂದುಕೊಂಡೆ. ಪಕ್ಕದ ಮನೆಯ ಪುಟ್ಟತಾಯಮ್ಮನಿಗೆ ಹೇಳಿದೆ, ಆಕೆ ಹತ್ತು ಮನೆಗೆ ಹೇಳಿದಳು. ಮಾರನೆಯ ದಿನ ಬೀದಿಯ ಹೆಂಗಸರೆಲ್ಲಾ ಹಿತ್ತಿಲಲ್ಲಿ ನೆರೆದರು. ಹೆಮ್ಮೆಯಿಂದ ಬಟ್ಟೆ ಬಿಚ್ಚಿದೆ. ಹೂಗಳೆಲ್ಲಾ ಊದಿ, ಬಿಳಿಚಿ, ಲೋಳೆಯಾಗಿ ಕಲ್ಲು ಬಿಟ್ಟು ತೇಲುತ್ತಿದ್ದವು. ಏಡಿಮರಿಗಳು ಶಂಖದಿಂದ ಅರ್ಧ ಹೊರಗೆ ಬಿದ್ದಿದ್ದವು. ನಾತಕ್ಕೆ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಇದೇನಮ್ಮಣ್ಣಿ ನಿನ್ನ ಹೂವು?" ಅಂದಳು ಪುಟ್ಟತಾಯಮ್ಮ. "ಇದ ಮುಡ್ಕೊಂಡ್ ಹೋದ್ರೆ ಗಂಡ ಮನೆ ಬಿಟ್ಟು ಓಡೋಯ್ತಾನೆ ಕಣ." ಎಲ್ಲರೂ ನಕ್ಕರು.

ಅತ್ತೆ ನಗಲಿಲ್ಲ. ಮಡಕೆಯನ್ನು ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಶಿವ ಶಿವ. ತೀರ್ಥ ಅಂತೇಳಿ, ಹುಳಾನ್ ತಂದು ಲಿಂಗ ಇರೋ ಮನೇಲಿ ಮಡಗಿದ್ಯೇನೆ? ಅವೂ ಸತ್ತೋಗವೆ. ಮನೇಲಿ ಹತ್ಯೆ ಮಾಡಿದ್ದೀಯ ಕಣೆ ನೀನು."

"ನಾನೇನು ಬೇಕಂತ ಮಾಡಿದ್ನಾ? ಒಳ್ಳೆ ನೀರು ಹಾಕ್ದೆ. ಸತ್ತರೆ ನಾನೇನ್ ಮಾಡ್ಲಿ?"

"ಮೇಲೆ ಬಾಯಿ ಬ್ಯಾರೆ! ಇನ್ ಮ್ಯಾಕೆ ಆ ಬಂಡೆ ತಾವಕ್ಕೆ ಓಗಲ್ಲ, ಅಂಥವನ್ನ ಮುಟ್ಟಲ್ಲ ಅಂತ ಲಿಂಗ ಮುಟ್ಟಿ ಆಣೆ ಇಕ್ಕು. ಅಲ್ಲೀಗಂಟ ನನ್ನ ಮಗ್ಗುಲಲ್ಲಿ ಪೂಜೆಗೆ ಕೂರ್ಬ್ಯಾಡ."

ಆಣೆ ಇಡಬಹುದಿತ್ತು. ಇಟ್ಟಿದ್ದರೆ ಸಂಜೆಯೊಳಗೆ ಎಲ್ಲಾ ಮುಗಿಯುತ್ತಿತ್ತು. ಆದರೆ ನಾನು ಕಂಡದ್ದು ಹುಳವಲ್ಲ, ಹೊಲಸಲ್ಲ. ಅದನ್ನು ಕಂಡವಳು ನಾನೊಬ್ಬಳೇ. ಆಣೆ ಇಟ್ಟರೆ ಅದು ಸುಳ್ಳಾಗುತ್ತದೆ ಅನ್ನಿಸಿತು. "ಇಕ್ಕಲ್ಲ" ಅಂದೆ.

ಹೀಗೆ ಶುರುವಾದದ್ದು ಒಂದು ವರ್ಷ ನಡೆಯಿತು. ಅತ್ತೆ ದೇವರ ಮನೆಯಲ್ಲಿ, ನಾನು ಹಿತ್ತಿಲ ಜಗಲಿಯಲ್ಲಿ. ಪತ್ರೆ ಬಿಡಿಸಿಕೊಡುವ, ವಿಭೂತಿ ಗಟ್ಟಿ ಎತ್ತಿಕೊಡುವ ಕೆಲಸವೆಲ್ಲಾ ಅವರೇ ಕುಂಟುತ್ತಾ ಮಾಡಿಕೊಂಡರು. ನಮ್ಮ ಯಜಮಾನರನ್ನು ಕೇಳಿದರೆ, "ಅಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ" ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಅಂಗಡಿಗೆ ಹೋಗುತ್ತಿದ್ದರು. ಅತ್ತೆಯ ಬಾಯಲ್ಲಿ "ಕೊಂದವಳು" ಅನ್ನುವ ಮಾತು ವಾರಕ್ಕೊಮ್ಮೆ ಬರುತ್ತಿತ್ತು. "ಬೇಕಂತ ಕೊಂದೆನಾ?" ಅಂತ ನಾನೂ ವಾರಕ್ಕೊಮ್ಮೆ ಅನ್ನುತ್ತಿದ್ದೆ. ಬೆಳಿಗ್ಗೆ ಜಗಲಿಯಲ್ಲಿ ಒಬ್ಬಳೇ ಕೂತಾಗ ಅಳುತ್ತಿದ್ದೆ, ಯಾರಿಗೂ ಕಾಣದ ಹಾಗೆ.

ಸುಮ್ಮನೆ ಮಾತ್ರ ಕೂರಲಿಲ್ಲ. ಮನೆ ಮುಂದೆ ಸಗಣಿ ಸಾರಿಸಿ ರಂಗೋಲಿಯಲ್ಲಿ ಕಡಲ ಹೂ ಬಿಡಿಸಿದೆ. ಪುಟ್ಟತಾಯಮ್ಮ ನಿಂತು ನೋಡಿ, "ಏನಮ್ಮಣ್ಣಿ, ಪೊರಕೆ ಬರ್ದಿದ್ದೀಯಾ?" ಅಂದಳು. ಮಾರನೆಯ ದಿನ ಎಳೆಗಳನ್ನು ಸಣ್ಣಗೆ ಮಾಡಿದೆ. "ಈಗ ತೆಂಗಿನ ನಾರಾಯ್ತು" ಅಂದಳು. ಅರಿಶಿನ ಕುಂಕುಮ ಬೆರೆಸಿ ಬಣ್ಣ ಹಾಕಿದೆ. ಅತ್ತೆ ಚೆಂಬಿನ ನೀರು ಹುಯ್ದು ಅಳಿಸಿದರು. ನಲವತ್ತು ದಿನ ಬರೆದೆ, ನಲವತ್ತು ದಿನ ಅಳಿಸಿದರು. ಕೊನೆಗೆ ನನಗೇ ಗೊತ್ತಾಯಿತು, ಇದು ಬರೆದರೆ ಬರುವುದಲ್ಲ, ಹೇಳಿದರೆ ತಿಳಿಯುವುದಲ್ಲ. ಅತ್ತೆ ಕಣ್ಣಾರೆ ನೋಡಬೇಕು. ಒಂದೇ ಒಂದು ಸಲ. ಆಮೇಲೆ ಮನೆಯಿಂದ ಹೊರಗೆ ಹಾಕಿದರೂ ಸರಿಯೇ. ಅಂದಿನಿಂದ ಗೋಕರ್ಣದ ದಿನವನ್ನೇ ಕಾಯತೊಡಗಿದೆ.

ಎರಡನೆಯ ವರ್ಷ ಅತ್ತೆ ನನ್ನನ್ನು ಬಿಟ್ಟು ಚನ್ನರಾಯಪಟ್ಟಣದ ಮಗಳು ನೀಲಾಂಬಿಕೆಯನ್ನು ಕರೆದುಕೊಂಡು ಹೋಗುವುದೆಂದು ಗೊತ್ತು ಮಾಡಿದ್ದರು. ಆದರೆ ನೀಲಾಂಬಿಕೆಗೆ ಏಳು ತಿಂಗಳಾಗಿತ್ತು, ಬಸ್ಸಿನ ದಾರಿ ಆಗದು ಅಂದರು. ಬೇರೆ ಯಾರೂ ಇರಲಿಲ್ಲ. ರೈಲಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ತಾಳಗುಪ್ಪದವರೆಗೆ ಆಡಿದ ಮಾತು ಎರಡೇ: "ನೀರು", "ಚೀಲ".

ನಾನು ಅವಸರ ಮಾಡಲಿಲ್ಲ. ಚಿಪ್ಪಿಕಲ್ಲಿನ ಹೆಂಗಸನ್ನು ಹುಡುಕಿ, ನೀರು ಎಲ್ಲಕ್ಕಿಂತ ಕೆಳಗೆ ಇಳಿಯುವುದು ಯಾವತ್ತು ಅಂತ ಕೇಳಿ ತಿಳಿದುಕೊಂಡೆ. ಅಮಾವಾಸ್ಯೆ ಕಳೆದ ಎರಡನೆಯ ಬೆಳಿಗ್ಗೆ ಅಂದಳು. ಅವಳಿಗೆ ನಡೆದದ್ದನ್ನೂ ಹೇಳಿದೆ. ಅವಳು ಬುಟ್ಟಿ ಕೆಳಗಿಟ್ಟು, "ಸೀನೀರು ಹೊಯ್ದ್ರಾ? ಅಯ್ಯೋ ಅಮ್ಮಾ, ನಮ್ಮನ್ನ ಕಡಲಲ್ಲಿ ಮುಳುಗಿಸಿಟ್ಟ ಹಾಗೇ ಆಯ್ತಲ್ಲ" ಅಂದಳು. ಆ ಕ್ಷಣದವರೆಗೆ ಅವು ಯಾಕೆ ಸತ್ತವು ಅಂತಲೇ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಆ ಬೆಳಿಗ್ಗೆ ಅತ್ತೆಯ ಸ್ನಾನವಾದ ಮೇಲೆ ಅವರನ್ನು ಒಣ ಮರಳಿನ ಮೇಲೆ ಕೂರಿಸಿ, ಅವರಿಗೆ ಕಾಣುವ ಹಾಗೆಯೇ ಬಂಡೆಯ ಕಡೆ ಹೊರಟೆ. ಬರುತ್ತಾರೆ ಅಂತ ಗೊತ್ತಿತ್ತು. ಬಂದರು. ಕೋಲು ಊರಿಕೊಂಡು, ಕುಂಟುತ್ತಾ, "ಲೇ ದಾಕ್ಷಿ, ಮುಟ್ಬ್ಯಾಡ! ಇನ್ನೂ ಪೂಜೆ ಆಗಿಲ್ಲ, ಮುಟ್ಬ್ಯಾಡ ಕಣೆ!" ಅಂತ ಕೂಗುತ್ತಾ ಬಂದರು. ಮೊದಲ ಬಂಡೆ ದಾಟಿ ನನ್ನ ಹಳ್ಳದ ಹತ್ತಿರ ಬರುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು. ಓಡಿ ಹೋಗಿ ತೋಳು ಹಿಡಿದು ಮೆಲ್ಲಗೆ ಹಳ್ಳದ ಅಂಚಿನಲ್ಲಿ ಕೂರಿಸಿದೆ.

"ಎಬ್ಬಿಸೇ."

"ಇಲ್ಲ."

"ಏನಂದೆ?"

"ಎಬ್ಬಿಸಲ್ಲ ಅತ್ತೆ. ಒಂದು ಗಳಿಗೆ ನೋಡಿ. ಆಮೇಲೆ ನಾನೇ ಹೊತ್ಕೊಂಡು ಹೋಗ್ತೀನಿ. ಹೊಡೆಯೋದಾದ್ರೆ ಕೋಲು ನಿಮ್ಮ ಕೈಯಲ್ಲೇ ಇದೆ."

ಮಂಡಿ ಹಿಡಿದ ಮುದುಕಿಯನ್ನು ಬಂಡೆಯ ಮೇಲೆ ಕೂರಿಸಿ ಎಬ್ಬಿಸುವುದಿಲ್ಲ ಅನ್ನುವುದು ಎಂಥ ಸೊಸೆಯ ಲಕ್ಷಣ ಅಂತ ನೀವು ಕೇಳಬಹುದು. ಕೆಟ್ಟ ಸೊಸೆಯ ಲಕ್ಷಣ. ಆದರೂ ನಾನು ಕೈ ನೀಡಲಿಲ್ಲ.

ಅತ್ತೆ ಬಾಯಿಗೆ ಬಂದ ಹಾಗೆ ಬೈದರು. ನನ್ನನ್ನು ಬೈದರು, ನನ್ನ ಅಪ್ಪನನ್ನು ಬೈದರು, ಅರಕಲಗೂಡಿನ ಪಂಡಿತರನ್ನೂ ಬಿಡಲಿಲ್ಲ. ಕೊನೆಗೆ ಹಳ್ಳವನ್ನು ಒಮ್ಮೆ ನೋಡಿ, "ಏನೈತೆ ಇದರಾಗೆ? ಕಲ್ಲು, ನೀರು" ಅಂದರು.

"ಅಲ್ಲಾಡಬೇಡಿ. ಕಣ್ಣು ಮಿಟುಕಿಸಬೇಡಿ. ಪೂಜೆಗೆ ಕೂತ ಹಾಗೆ ಕೂತ್ಕೊಳ್ಳಿ."

"ಪೂಜೆಗೂ ಇದಕ್ಕೂ..." ಅಂತ ಕೋಲು ಎತ್ತಿದರು. ಎತ್ತಿದ ಕೋಲು ಹಾಗೇ ನಿಂತಿತು. ಅವರ ಕಣ್ಣು ನೀರಿಗೆ ನೆಟ್ಟಿತ್ತು. ನಲವತ್ತೈದು ವರ್ಷದ ಅಭ್ಯಾಸ, ನೋಡಲು ಶುರು ಮಾಡಿದ ಮೇಲೆ ಆ ಕಣ್ಣು ಅತ್ತಿತ್ತ ಹೋಗುವುದಿಲ್ಲ. ಕೋಲು ಮೆಲ್ಲಗೆ ಕೆಳಗೆ ಬಂತು.

ತೆರೆ ದೂರದಲ್ಲಿ ಹೊಡೆಯುತ್ತಿತ್ತು. ನಾನು ನೀರನ್ನು ನೋಡಲಿಲ್ಲ, ಅತ್ತೆಯ ಮುಖವನ್ನು ನೋಡುತ್ತಿದ್ದೆ. ಎಷ್ಟು ಹೊತ್ತಾಯಿತೋ. ಅವರ ತುಟಿ ಸ್ವಲ್ಪ ತೆರೆಯಿತು. ಆಗ ತಿಳಿಯಿತು, ಮೊದಲನೆಯದು ಅರಳುತ್ತಿದೆ ಅಂತ.

"ದಾಕ್ಷಿ" ಅಂದರು ಪಿಸುಮಾತಿನಲ್ಲಿ. ವರ್ಷವಾಗಿತ್ತು ಅವರು ನನ್ನ ಹೆಸರನ್ನು ಬೈಗುಳ ಬೆರೆಸದೆ ಕರೆದು. "ಇನ್ನೊಂದು. ಅಗಾ, ಆ ಮೂಲೇಲಿ ಇನ್ನೊಂದು. ಎಲ್ಲಾ ಒಂದೇ ಸಲ ಬಿಚ್ತಾ ಅವೆ ಕಣೆ." ಸುಣ್ಣದ ಹನಿಗಳ ಕದ ತೆರೆದದ್ದನ್ನು ಅವರೇ ಕಂಡುಕೊಂಡರು. ಕವಡೆ ಮಖಮಲ್ಲು ಹೊದ್ದುಕೊಂಡದ್ದನ್ನೂ ನಾನು ತೋರಿಸಬೇಕಾಗಲಿಲ್ಲ. ಆಮೇಲೆ ನಾನು ಹೋದ ವರ್ಷ ಹದಿನೇಳು ದಿನ ಕೂತರೂ ಕಾಣದಿದ್ದದ್ದು ಅವರಿಗೆ ಕಂಡಿತು. ಕಲ್ಲಿನ ಅಡಿಯಿಂದ ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಜೀವವೊಂದು ಹೊರಬಂತು. ಮೈಯೆಲ್ಲಾ ನೀಲಿ, ಸುತ್ತ ಹಳದಿ ಅಂಚು, ಬೆನ್ನಿನ ಮೇಲೆ ಉಸಿರಾಡುವ ಒಂದು ಸಣ್ಣ ಗರಿ. ನಮ್ಮ ಅಂಗಡಿಯ ಯಾವ ರೇಷ್ಮೆಯಲ್ಲೂ ಅಂಥ ನೀಲಿಯನ್ನು ನಾನು ಕಂಡಿಲ್ಲ. ಅತ್ತೆ ತಮ್ಮ ಎಡ ಅಂಗೈಯನ್ನು ಅರಿವಿಲ್ಲದೆ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಗೆದ್ದೆ ಅಂದುಕೊಂಡೆ. ಒಂದು ವರ್ಷ ಹೊತ್ತ ಭಾರ ಇಳಿಯಿತು, ಇನ್ನು ಇವರು ನನ್ನನ್ನು ಬೈಯಲಾರರು ಅಂದುಕೊಂಡೆ.

ಅತ್ತೆ ನೀರಿನಿಂದ ಕಣ್ಣು ತೆಗೆಯದೆ ಕೇಳಿದರು, "ಅವೂ ಇಂಗೇ ಇದ್ವಾ?"

"ಯಾವು ಅತ್ತೆ?"

"ಮಡಕೇಲಿದ್ದವು."

"ಹೂಂ. ಅವೂ ಹೀಗೇ ಇದ್ವು."

"ಹನ್ನೊಂದೂ?"

"ಹೂಂ."

ಅತ್ತೆ ಹಳ್ಳದ ಮೇಲೆ ಇನ್ನಷ್ಟು ಬಗ್ಗಿ ನೋಡಿದರು. ಆಮೇಲೆ ಮೆತ್ತಗೆ, ಕೋಪವೇ ಇಲ್ಲದ ದನಿಯಲ್ಲಿ ಅಂದರು, "ಇಂಥವನ್ನ ಕೊಂದ್ಬುಟ್ಯಲ್ಲೇ, ದಾಕ್ಷಿ."

ವರ್ಷವಿಡೀ ಅವರು ಅದೇ ಮಾತನ್ನು ಅಂದಿದ್ದರು. ಆಗೆಲ್ಲಾ ಅವರು ಅಂದದ್ದು ಹುಳಕ್ಕೆ, ನಾತಕ್ಕೆ, ಮೈಲಿಗೆಗೆ. ಅದು ನನಗೆ ತಾಗಿರಲಿಲ್ಲ. ಈಗ ತಾಗಿತು. ಬೇಕಂತ ಕೊಂದೆನಾ ಅನ್ನುವ ಉತ್ತರ ಬಾಯಲ್ಲೇ ಸಿದ್ಧವಿತ್ತು.

"ಹೂಂ ಅತ್ತೆ" ಅಂದೆ. "ಕೊಂದೆ."

ಅಷ್ಟು ಅಂದವಳೇ ನಿಂತಲ್ಲೇ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ, ಹೋಗಲಿ ಬಿಡು ಅನ್ನಲಿಲ್ಲ. ಅನ್ನಬಾರದು ಕೂಡ. ಕೈ ಊರಿ, ನೋಯುವ ಮಂಡಿಯನ್ನು ಎಳೆದುಕೊಂಡು, ಬಂಡೆಯ ಮೇಲೆ ಸ್ವಲ್ಪ ಸರಿದರು.

"ಬಾ, ಇತ್ಲಾಗ್ ಬಂದು ಕೂತ್ಕೋ" ಅಂದರು. "ನಿನ್ನ ನೆಳ್ಳು ಬೀಳ್ತಾ ಐತೆ. ಮುಚ್ಕೊಂಡ್ಬುಡ್ತವೆ."